ವಾಲ್ವ್ ಈಕ್ವಲೈಸರ್‌ನ ಗುಂಯ್ ಸದ್ದು: ಬೆಸುಗೆ ಕಡ್ಡಿ ಹಿಡಿಯುವ ಮೊದಲು ಕಿವಿಗೊಡಿ

ಪ್ರಶ್ನೆ: ನನ್ನ ಬಳಿ ಅಮೆರಿಕದಿಂದ ತರಿಸಿದ ಹಳೆಯ ಪಲ್ಟೆಕ್ ಇಕ್ಯೂಪಿ-1ಎ ಈಕ್ವಲೈಸರ್ (ಧ್ವನಿಯ ಕೆಳಗಿನ, ಮೇಲಿನ ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ) ಇದೆ. ಬೆಂಗಳೂರಿನ ಮನೆಯಲ್ಲೇ ಸಣ್ಣ ಸ್ಟುಡಿಯೋ ಮಾಡಿಕೊಂಡು ಹಾಡುಗಾರಿಕೆ ರೆಕಾರ್ಡ್ ಮಾಡುತ್ತೇನೆ. 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಟ್ಟಿದ್ದೇನೆ. ಸ್ವಿಚ್ ಹಾಕಿ ಅರ್ಧ ನಿಮಿಷ ಆದಮೇಲೆ ಗುಂಯ್ ಅಂತ ಸದ್ದು ಶುರುವಾಗುತ್ತದೆ. ಮೆಕ್ಯಾನಿಕ್ ಒಬ್ಬರು ಎರಡು ಕಂಡೆನ್ಸರ್ (ಕೆಪಾಸಿಟರ್) ಬದಲಿಸಿದರು. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಗೆಳೆಯರೊಬ್ಬರು ಪ್ಲಗ್‌ನ ಅರ್ಥ್ ಪಿನ್ ಬಿಚ್ಚಿಟ್ಟರು. ಸದ್ದು ಬಹುತೇಕ ನಿಂತೇಹೋಯಿತು. ಹಾಗೇ ಬಿಡಬಹುದಾ? ಇಲ್ಲ, ಉಳಿದ ಕಂಡೆನ್ಸರ್‌ಗಳನ್ನೂ ಬದಲಿಸಬೇಕಾ?

ಉತ್ತರ: ಹಾಗೆ ಬಿಡಬೇಡಿ. ಮುಂದಿನದನ್ನು ಓದುವ ಮೊದಲು ಹೋಗಿ ಆ ಅರ್ಥ್ ಪಿನ್ ಮತ್ತೆ ಹಾಕಿ. ನಿಮ್ಮ ಪೆಟ್ಟಿಗೆಯೊಳಗೆ ಹತ್ತಿರ ಹತ್ತಿರ 300 ವೋಲ್ಟ್ ಡಿಸಿ ಇರುತ್ತದೆ. ಅದರ ಮೇನ್ಸ್ ಟ್ರಾನ್ಸ್‌ಫಾರ್ಮರ್‌ನ ಒಳಗಿರುವ ಕಾಗದ, ವಾರ್ನಿಷ್‌ನ ಇನ್ಸುಲೇಶನ್‌ಗೆ ಅರ್ಧ ಶತಮಾನಕ್ಕಿಂತ ಜಾಸ್ತಿ ವಯಸ್ಸು. ಅದು ಎಲ್ಲಾದರೂ ಸೋತರೆ ಕರೆಂಟ್ ಚಾಸಿಗೆ, ಅಂದರೆ ಲೋಹದ ಪೆಟ್ಟಿಗೆಗೆ, ಬರುತ್ತದೆ. ಅರ್ಥ್ ಇದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಮನೆಯ ಟ್ರಿಪ್ಪರ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಆ ಕರೆಂಟ್ ಕೇಬಲ್ಲಿನ ಶೀಲ್ಡ್ ಹಿಡಿದು ಹೊರಟು, ಮೈಕ್ ಹಿಡಿದು ನಿಂತ ಹಾಡುಗಾರರ ಕೈವರೆಗೂ ಹೋಗಬಹುದು. ನಮ್ಮಲ್ಲಿ ಸಿಗುವ ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಬಹಳಷ್ಟು ಆಟೋ ಟ್ರಾನ್ಸ್‌ಫಾರ್ಮರ್‌ಗಳು ಅನ್ನೋದನ್ನೂ ನೆನಪಿಡಿ. ಅದರಲ್ಲಿ ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ನಡುವೆ ಯಾವ ಬೇರ್ಪಡೆಯೂ ಇಲ್ಲ. ಒಳಗಿನ ಸುತ್ತು ಒಂದು ಕಡೆ ಕಡಿದರೆ 110ರ ಜಾಗದಲ್ಲಿ 230 ವೋಲ್ಟೇ ಬಂದುಬಿಡಬಹುದು.

ಆದರೆ ಗೆಳೆಯರು ಮಾಡಿದ್ದರಿಂದ ಒಂದು ಒಳ್ಳೆಯ ಸುಳಿವು ಸಿಕ್ಕಿದೆ. ಮೆಕ್ಯಾನಿಕ್ ಮಾಡಿದ್ದರಿಂದ ಇನ್ನೊಂದು. ನಿಮ್ಮ ಪೆಟ್ಟಿಗೆಯಲ್ಲಿರುವುದು ಒಂದು ಹಮ್ (ಗುಂಯ್ ಸದ್ದು) ಅಲ್ಲ, ಎರಡು. ಒಂದು ಪವರ್ ಸಪ್ಲೈನಿಂದ ಹುಟ್ಟುತ್ತಿದೆ. ಇನ್ನೊಂದು ಹೊರಗಿನಿಂದ, ಅರ್ಥ್ ಲೂಪ್ (ಎರಡು ಸಾಮಾನುಗಳ ಅರ್ಥ್ ತಂತಿ, ಕೇಬಲ್ ಶೀಲ್ಡ್ ಸೇರಿ ಆಗುವ ಸುತ್ತು) ಮೂಲಕ ಒಳಗೆ ಬರುತ್ತಿದೆ. ಹಳೆಯ ವಾಲ್ವ್ ಸಾಮಾನುಗಳಲ್ಲಿ ಹೀಗೆ ಎರಡು ಮೂರು ಹಮ್ ಸೇರಿಕೊಂಡಿರುವುದೇ ಜಾಸ್ತಿ. ಒಂದನ್ನು ಸರಿಮಾಡಿ, ಸದ್ದು ಪೂರ್ತಿ ಹೋಗಲಿಲ್ಲ ಅಂತ ಆ ದಾರಿಯೇ ತಪ್ಪು ಅಂದುಕೊಳ್ಳುತ್ತೇವೆ. ಹಾಗಾಗಿ ಬಿಡಿಭಾಗ ಬದಲಿಸುವ ಮೊದಲು ಯಾವ ಸದ್ದು ಎಲ್ಲಿಂದ ಬರುತ್ತಿದೆ ಅಂತ ಬೇರೆ ಬೇರೆ ಮಾಡಿಕೊಳ್ಳಿ. ಇದಕ್ಕೆ ಮುಚ್ಚಳ ತೆಗೆಯುವ ಅಗತ್ಯವೂ ಇಲ್ಲ.

ಮೊದಲು ಸ್ವರ ಗುರುತಿಸಿ. ಸುಮ್ನೆ ಹಮ್ಮನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ, ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರಿನ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿ. ನಮ್ಮ ಮೇನ್ಸ್ 50 ಹರ್ಟ್ಸ್. ವಾಲ್ವ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಎರಡೂ ಅರ್ಧ ಅಲೆಗಳನ್ನು ಬಳಸಿಕೊಳ್ಳುವುದರಿಂದ ಪವರ್ ಸಪ್ಲೈನ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) 100 ಹರ್ಟ್ಸ್‌ನಲ್ಲಿರುತ್ತದೆ, ಜೊತೆಗೆ 200, 300. ವಾಲ್ವ್ ಕಾಯಿಸುವ ಹೀಟರ್‌ನಿಂದ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದ, ಅರ್ಥ್ ಲೂಪ್‌ನಿಂದ ಬರುವುದು 50 ಹರ್ಟ್ಸ್, ಜೊತೆಗೆ 150, 250. ಅನಲೈಸರ್ ಇಲ್ಲದಿದ್ದರೆ ಕೀಬೋರ್ಡ್ ಸಾಕು. 50 ಹರ್ಟ್ಸ್ ಅಂದರೆ ತೀರಾ ಕೆಳಗಿನ ಜಿ ಸ್ವರಕ್ಕೆ ಹತ್ತಿರ (ಅದು 49), 100 ಅಂದರೆ ಅದರ ಮೇಲಿನ ಜಿ (98). ಅಮೆರಿಕದವರು ಬರೆದದ್ದನ್ನು ಓದುವಾಗ ಅವರ 60, 120 ಅನ್ನು ನಮ್ಮ 50, 100 ಅಂತ ಬದಲಿಸಿಕೊಂಡು ಓದಿ.

ಎರಡನೆಯ ಪರೀಕ್ಷೆ ನನಗೆ ತುಂಬ ಇಷ್ಟ, ಯಾಕೆಂದರೆ ಖರ್ಚೇ ಇಲ್ಲದೆ ಅರ್ಧ ಕೆಲಸ ಮುಗಿಸುತ್ತದೆ. ವಾಲ್ವ್‌ಗಳು ಕಾದಿರುವಾಗ ಕರೆಂಟ್ ತೆಗೆದರೂ ಒಂದೆರಡು ಸೆಕೆಂಡ್ ಕೆಲಸ ಮಾಡುತ್ತಲೇ ಇರುತ್ತವೆ. ಎಲೆಕ್ಟ್ರಾನ್ ಹೊಮ್ಮಿಸುವ ಕ್ಯಾಥೋಡ್ ತಕ್ಷಣ ಆರುವುದಿಲ್ಲ, ಕಂಡೆನ್ಸರ್‌ಗಳಲ್ಲಿ ಇನ್ನೂ ವೋಲ್ಟೇಜ್ ಇರುತ್ತದೆ. ಆ ಹೊತ್ತಿನಲ್ಲಿ ಪೆಟ್ಟಿಗೆಯ ಒಳಗೆ ಎಸಿ ಇಲ್ಲ. ರೆಕಾರ್ಡಿಂಗ್ ಆನ್ ಮಾಡಿ, ಈಕ್ವಲೈಸರ್‌ನ ಸ್ವಿಚ್ ಆರಿಸಿ. ಪ್ಲಗ್ ಕೀಳಬೇಡಿ, ಬರೀ ಸ್ವಿಚ್. ಹಮ್ ಅದೇ ಕ್ಷಣ ನಿಂತರೆ ಅದು ಈ ಪೆಟ್ಟಿಗೆಯದ್ದೇ ಪವರ್ ಸಪ್ಲೈ, ಹೀಟರ್ ಅಥವಾ ಟ್ರಾನ್ಸ್‌ಫಾರ್ಮರ್‌ನದ್ದು. ವಾಲ್ವ್ ಆರುವವರೆಗೂ ನಿಧಾನಕ್ಕೆ ಇಳಿಯುತ್ತಾ ಹೋದರೆ ಅದು ಹೊರಗಿನಿಂದ ಬರುತ್ತಿದೆ. ಎರಡೂ ಆಗಬಹುದು. ಒಂದು ಭಾಗ ಫಟ್ ಅಂತ ನಿಂತು, ಉಳಿದದ್ದು ಮೆಲ್ಲಗೆ ಇಳಿಯುತ್ತದೆ. ನಿಮ್ಮಲ್ಲಿ ಹೀಗೇ ಆಗುತ್ತದೆ ಅಂತ ನನ್ನ ಊಹೆ. ರೆಕಾರ್ಡಿಂಗ್‌ನಲ್ಲಿ ಆ ಎರಡು ತುಂಡುಗಳ ಸ್ಪೆಕ್ಟ್ರಮ್ ಬೇರೆ ಬೇರೆ ನೋಡಿದರೆ ಯಾವುದು 100, ಯಾವುದು 50 ಅಂತ ಕಣ್ಣೆದುರೇ ಕಾಣುತ್ತದೆ.

ನಿಮ್ಮ ಪ್ರಶ್ನೆಯಲ್ಲೇ ಇನ್ನೂ ಒಂದು ಸುಳಿವಿದೆ. ಹಮ್ ಶುರುವಾಗುವುದು ಅರ್ಧ ನಿಮಿಷದ ನಂತರ. ಅಂದರೆ ವಾಲ್ವ್ ಕಾದ ಮೇಲೆ. ಲೂಪ್ ಇರುವುದು ಈಕ್ವಲೈಸರ್‌ನ ಔಟ್‌ಪುಟ್ ಮತ್ತು ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ನಡುವೆ ಮಾತ್ರ ಆಗಿದ್ದರೆ, ಪ್ಲಗ್ ಹಾಕಿದ ಕೂಡಲೇ ಕೇಳಿಸಬೇಕಿತ್ತು. ಹಾಗಾಗಿ ಹೊರಗಿನ ಹಮ್ ಇನ್‌ಪುಟ್ ಕಡೆಯಿಂದ ಬಂದು, ವಾಲ್ವ್‌ಗಳ ಮೂಲಕ ದೊಡ್ಡದಾಗಿ ಹೊರಗೆ ಹೋಗುತ್ತಿದೆ.

ಪಲ್ಟೆಕ್‌ನಲ್ಲಿ ಇದು ಯಾಕೆ ಮುಖ್ಯ ಅಂತ ಹೇಳಬೇಕು. ನ್ಯೂಜೆರ್ಸಿಯ ಯೂಜೀನ್ ಶೆಂಕ್ ಮತ್ತು ಆಲಿ ಸಮ್ಮರ್‌ಲ್ಯಾಂಡ್ 1951ರಲ್ಲಿ ಈ ಸಾಲಿನ ಮೊದಲ ಈಕ್ವಲೈಸರ್ ತಂದಾಗ, ಸ್ವರ ತಿದ್ದುವ ಭಾಗವನ್ನು ಪೂರ್ತಿ ಪ್ಯಾಸಿವ್ ಆಗಿಟ್ಟರು. ಅಲ್ಲಿ ರೆಸಿಸ್ಟರ್, ಕಂಡೆನ್ಸರ್, ಇಂಡಕ್ಟರ್ ಮಾತ್ರ. ಅದರಲ್ಲಿ ಸಿಗ್ನಲ್ ಸುಮಾರು 16 ಡೆಸಿಬಲ್ ಕಳೆದುಹೋಗುತ್ತದೆ. ಆ ನಷ್ಟ ತುಂಬುವುದಕ್ಕೇ ಹಿಂದೆ 12ಎಎಕ್ಸ್7 ಮತ್ತು 12ಎಯು7 ವಾಲ್ವ್‌ಗಳಿರುವ ಆಂಪ್ಲಿಫೈಯರ್ ಇದೆ. ಈಕ್ಯೂ (ಈಕ್ವಲೈಸರ್) ಸ್ವಿಚ್ಚನ್ನು ಔಟ್ ಮಾಡಿದರೂ ಸಿಗ್ನಲ್ ಈ ಆಂಪ್ಲಿಫೈಯರ್ ಮೂಲಕವೇ ಹೋಗುತ್ತದೆ. ಆದ್ದರಿಂದ ಆ ಸ್ವಿಚ್ ಒಂದು ಒಳ್ಳೆಯ ಪರೀಕ್ಷೆ. ಇನ್, ಔಟ್ ಎರಡರಲ್ಲೂ ಹಮ್ ಒಂದೇ ಆಗಿದ್ದರೆ ತೊಂದರೆ ಆಂಪ್ಲಿಫೈಯರ್‌ನಲ್ಲಿ ಅಥವಾ ಅದರ ಸಪ್ಲೈನಲ್ಲಿ. ಇನ್ ಮಾಡಿದಾಗ ಮಾತ್ರ ಏರಿದರೆ ಇಂಡಕ್ಟರ್ ಪಕ್ಕದ ಯಾವುದೋ ಕಾಂತಕ್ಷೇತ್ರವನ್ನು ಹೀರಿಕೊಳ್ಳುತ್ತಿರಬಹುದು. ಆಗ ರ‍್ಯಾಕ್‌ನಲ್ಲಿ ಅದರ ಮೇಲೆ, ಕೆಳಗೆ ಇರುವ ಸಾಮಾನುಗಳನ್ನು ಒಂದೊಂದಾಗಿ ಆರಿಸಿ ನೋಡಿ. ನಿಮ್ಮ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಈಕ್ವಲೈಸರ್ ಪಕ್ಕದಲ್ಲೇ ಕೂತಿದ್ದರೆ ಅದನ್ನು ಮೊದಲು ಮೂರು ನಾಲ್ಕು ಅಡಿ ದೂರ ಇಡಿ. ಎಷ್ಟೋ ಬಾರಿ ಅಷ್ಟಕ್ಕೇ ಅರ್ಧ ಹಮ್ ಹೋಗುತ್ತದೆ.

ಈಗ ಅರ್ಥ್ ಲೂಪ್ ವಿಷಯ. ಅರ್ಥ್ ಕೀಳದೆ ಲೂಪ್ ಹುಡುಕುವ ಸುರಕ್ಷಿತ ದಾರಿ ಇದೆ. ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ, ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವಂಥದ್ದಾದರೆ, ಲ್ಯಾಪ್‌ಟಾಪ್ ಅಡಾಪ್ಟರ್ ತೆಗೆದು ಬ್ಯಾಟರಿ ಮೇಲೆ ನಡೆಸಿ. ಹಮ್ ಬಿದ್ದುಹೋದರೆ ಲೂಪ್ ಹೋಗುತ್ತಿರುವುದು ಅಡಾಪ್ಟರ್‌ನ ಅರ್ಥ್ ಮೂಲಕ. ಆಗ ಎಲ್ಲವನ್ನೂ ಒಂದೇ ಗೋಡೆಯ ಸಾಕೆಟ್‌ನಿಂದ, ಒಂದೇ ಪವರ್ ಸ್ಟ್ರಿಪ್‌ನಿಂದ ಕೊಡಿ. ಇಷ್ಟಕ್ಕೆ ಹೋಗದಿದ್ದರೆ ಕೇಬಲ್ ಕಡೆ ಬನ್ನಿ. ಪಲ್ಟೆಕ್‌ನ ಇನ್‌ಪುಟ್‌ಗೆ ಬರುವ ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ (ಸಿಗ್ನಲ್‌ಗೆ ಎರಡು ತಂತಿ, ಸುತ್ತ ಶೀಲ್ಡ್) ಶೀಲ್ಡನ್ನು ಕಳಿಸುವ ಕಡೆ ಹಾಗೇ ಇಟ್ಟು, ಈಕ್ವಲೈಸರ್ ಕಡೆ ಮಾತ್ರ ಬಿಡಿಸಿ. ಸಿಗ್ನಲ್‌ನ ಎರಡು ತಂತಿಗಳು ಟ್ರಾನ್ಸ್‌ಫಾರ್ಮರ್‌ಗೆ ಹೋಗುವುದರಿಂದ ಸದ್ದಿಗೆ ಏನೂ ಕೊರತೆಯಾಗುವುದಿಲ್ಲ. ಬಿಡಿಸಿದ ಜಾಗದಲ್ಲಿ 10 ನ್ಯಾನೋಫ್ಯಾರಡ್‌ನ ಸಣ್ಣ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಮೊಬೈಲ್, ರೇಡಿಯೋ ಕಿರಿಕಿರಿಯೂ ಬರುವುದಿಲ್ಲ.

ಹಿಂಭಾಗವನ್ನೂ ಒಮ್ಮೆ ನೋಡಿ. ಈ ಕಾಲದ ಸಾಮಾನುಗಳಿಗೆ ಮೂಲದಲ್ಲಿ ಸ್ಕ್ರೂ ಟರ್ಮಿನಲ್ ಇತ್ತು. ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ಮೂರು ಪಿನ್ನಿನ) ಸಾಕೆಟ್ ಇದ್ದರೆ ಆಮೇಲೆ ಯಾರೋ ಸೇರಿಸಿದ್ದಾರೆ. ಅದರ 1ನೇ ಪಿನ್‌ನಿಂದ ಉದ್ದನೆಯ ತಂತಿ ಒಳಗಿನ ಸರ್ಕ್ಯೂಟ್ ಗ್ರೌಂಡ್‌ಗೆ ಹೋಗಿದೆಯಾ? ಹಾಗಿದ್ದರೆ ಶೀಲ್ಡ್‌ನಲ್ಲಿ ಹರಿಯುವ ಲೂಪ್ ಕರೆಂಟ್ ನೇರ ಮೊದಲ ವಾಲ್ವ್‌ನ ಗ್ರೌಂಡ್ ಹಾದು ಹೋಗುತ್ತದೆ. 1995ರಲ್ಲಿ ನೀಲ್ ಮನ್ಸಿ ಅನ್ನುವ ಎಂಜಿನಿಯರ್ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನೇ ಬಿಡಿಸಿ ಬರೆದರು. ಅಲ್ಲಿಂದ ಇದಕ್ಕೆ ಪಿನ್ 1 ಸಮಸ್ಯೆ ಅಂತಲೇ ಹೆಸರು. ಪರಿಹಾರ ಸುಲಭ: 1ನೇ ಪಿನ್ ಅನ್ನು ಸಾಕೆಟ್ ಪಕ್ಕದಲ್ಲೇ, ಒಂದು ಇಂಚಿನೊಳಗೆ, ಬಣ್ಣ ಕೆರೆದ ಚಾಸಿಗೆ ಬಿಗಿಯಾಗಿ ಸೇರಿಸಿ. ನಿಮ್ಮ ಅರ್ಧ ತೊಂದರೆ ಇಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಒಳಗಿನ 100 ಹರ್ಟ್ಸ್. ಇದಕ್ಕೂ, ಮೇಲೆ ಹೇಳಿದ 1ನೇ ಪಿನ್ ಕೆಲಸಕ್ಕೂ ಮುಚ್ಚಳ ತೆಗೆಯಬೇಕು. 300 ವೋಲ್ಟ್ ಜೊತೆ ಕೆಲಸ ಮಾಡಿ ಅಭ್ಯಾಸ ಇಲ್ಲದಿದ್ದರೆ ದಯವಿಟ್ಟು ಹಳೆಯ ವಾಲ್ವ್ ರೇಡಿಯೋ, ಗಿಟಾರ್ ಆಂಪ್ ರಿಪೇರಿ ಮಾಡುವವರ ಕೈಗೆ ಕೊಡಿ. ಅವರ ಜೊತೆ ಕೂತು ಇದನ್ನು ಓದಿ. ನೀವೇ ಮಾಡುವುದಾದರೆ ಪ್ಲಗ್ ಕಿತ್ತು, 10 ಕಿಲೋ ಓಮ್‌ನ 10 ವ್ಯಾಟ್ ರೆಸಿಸ್ಟರ್ ಅನ್ನು ಇನ್ಸುಲೇಟೆಡ್ ಕ್ಲಿಪ್‌ನಲ್ಲಿ ಹಿಡಿದು ಪ್ರತಿ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗೂ ಐದಾರು ಸೆಕೆಂಡ್ ತಾಗಿಸಿ. ಆಮೇಲೆ ಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆ ಅಂತ ನೋಡಿದ ಮೇಲೆಯೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ.

ರಿಪಲ್ ಅಂದರೆ ಏನು ಅಂತ ಒಂದು ಮಾತು. ಮೊದಲ ಕಂಡೆನ್ಸರ್ ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಮೋಟಾರ್ ಆಗಾಗ ತುಂಬಿಸುತ್ತದೆ, ನಲ್ಲಿ ಸದಾ ಹರಿಯುತ್ತದೆ, ಮಟ್ಟ ಏರುತ್ತಾ ಇಳಿಯುತ್ತಾ ಇರುತ್ತದೆ. ಆ ಏರಿಳಿತ ಎಷ್ಟು ಅನ್ನೋದಕ್ಕೆ ಲೆಕ್ಕ ಸರಳ: ಹರಿಯುವ ಕರೆಂಟನ್ನು, ಸೆಕೆಂಡಿಗೆ ಎಷ್ಟು ಬಾರಿ ತುಂಬುತ್ತದೆ ಅನ್ನೋದರಿಂದಲೂ ಕೆಪಾಸಿಟೆನ್ಸ್‌ನಿಂದಲೂ ಭಾಗಿಸಿ. ಉದಾಹರಣೆಗೆ 15 ಮಿಲಿಆಂಪಿಯರ್, 20 ಮೈಕ್ರೋಫ್ಯಾರಡ್ ಇಟ್ಟುಕೊಳ್ಳಿ. ನಮ್ಮ 100 ಹರ್ಟ್ಸ್‌ಗೆ ಏರಿಳಿತ ಸುಮಾರು 7.5 ವೋಲ್ಟ್. ಅದೇ ಕಂಡೆನ್ಸರ್ ಒಣಗಿ 5 ಮೈಕ್ರೋಫ್ಯಾರಡ್‌ಗೆ ಬಂದಿದ್ದರೆ 30 ವೋಲ್ಟ್.

ಅಮೆರಿಕದಲ್ಲಿ, 120 ಹರ್ಟ್ಸ್‌ನಲ್ಲಿ, ಅದೇ 7.5 ಇದ್ದದ್ದು 6.25 ಆಗಿರುತ್ತಿತ್ತು. ನಂತರ ಬರುವ ಪ್ರತಿ ರೆಸಿಸ್ಟರ್-ಕಂಡೆನ್ಸರ್ ಜೋಡಿಯೂ 50 ಹರ್ಟ್ಸ್ ಮೇನ್ಸ್‌ನಲ್ಲಿ ಅಷ್ಟೇ ಕಡಿಮೆ ಕೆಲಸ ಮಾಡುತ್ತದೆ. ಅಂಥ ಎರಡು ಜೋಡಿ ಇದ್ದರೆ ಮೊದಲ ಕಂಡೆನ್ಸರೂ ಸೇರಿ 1.2 × 1.2 × 1.2, ಒಟ್ಟು ಸುಮಾರು 1.7 ಪಟ್ಟು, ಅಂದರೆ ಹೆಚ್ಚುಕಡಿಮೆ 5 ಡೆಸಿಬಲ್ ಹಮ್ ಜಾಸ್ತಿ. ಪೆಟ್ಟಿಗೆ ಅಲ್ಲಿ ಸುಮ್ಮನಿತ್ತು, ಇಲ್ಲಿಗೆ ಬಂದ ಮೇಲೆ ಗುಂಯ್ ಅನ್ನುತ್ತಿದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಮೇಲೆ 60 ಸೈಕಲ್ (60 ಹರ್ಟ್ಸ್) ಅಂತ ಮಾತ್ರ ಬರೆದಿದ್ದರೆ ಇನ್ನೊಂದು ತೊಂದರೆಯೂ ಇದೆ. ಅದೇ ವೋಲ್ಟೇಜ್‌ಗೆ 50 ಹರ್ಟ್ಸ್‌ನಲ್ಲಿ ಅದರ ಕೋರ್‌ನಲ್ಲಿ 20 ಶೇಕಡ ಜಾಸ್ತಿ ಕಾಂತಪ್ರವಾಹ. ಬಿಸಿ ಏರುತ್ತದೆ, ಸುತ್ತ ಚೆಲ್ಲುವ ಕ್ಷೇತ್ರವೂ ಏರುತ್ತದೆ. ವೋಲ್ಟೇಜ್ ಇಳಿಸಿ ಸರಿಮಾಡೋಣ ಅಂದರೆ 97 ವೋಲ್ಟಿನ ಆಸುಪಾಸಿಗೆ ಇಳಿಸಬೇಕು. ಆಗ ವಾಲ್ವ್ ಹೀಟರ್‌ಗೆ 6.3ರ ಬದಲು 5.3 ವೋಲ್ಟ್ ಕೂಡ ಸಿಗುವುದಿಲ್ಲ. ಆ ದಾರಿ ಬೇಡ. ಒಂದು ಗಂಟೆ ನಡೆದ ಮೇಲೆ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡಲಾಗದಷ್ಟು ಬಿಸಿಯಾದರೆ, 230 ವೋಲ್ಟ್ 50 ಹರ್ಟ್ಸ್‌ಗೆ ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ಹಳೆಯದನ್ನು ಜೋಪಾನವಾಗಿ ಎತ್ತಿಡಿ. ಆಗ ಸ್ಟೆಪ್‌ಡೌನ್‌ನ ಕಾಟವೂ ತಪ್ಪುತ್ತದೆ.

ರಿಪಲ್ ಅಳೆಯಲು ಸಾಧಾರಣ ಮಲ್ಟಿಮೀಟರ್ ಸಾಕು. ಎಸಿ ರೇಂಜಿಗೆ ಇಟ್ಟು, ಕೆಂಪು ಪ್ರೋಬ್‌ಗೆ 0.1 ಮೈಕ್ರೋಫ್ಯಾರಡ್ 630 ವೋಲ್ಟ್ ಕೆಪಾಸಿಟರ್ ಸೀರೀಸ್‌ನಲ್ಲಿ ಸೇರಿಸಿ, ಡಿಸಿ ಮೀಟರ್‌ಗೆ ಹೋಗದ ಹಾಗೆ. ಕರೆಂಟ್ ಆಫ್ ಇರುವಾಗಲೇ ಕ್ಲಿಪ್ ಹಾಕಿ, ಆಮೇಲೆ ಆನ್ ಮಾಡಿ. ಮೊದಲ ಕಂಡೆನ್ಸರ್‌ನಿಂದ ಶುರುಮಾಡಿ ಒಂದೊಂದೇ ಹಂತ ಮುಂದಕ್ಕೆ ಹೋಗಿ. ಪ್ರತಿ ಹಂತದಲ್ಲೂ ರಿಪಲ್ ಚೆನ್ನಾಗಿ ಇಳಿಯಬೇಕು. ಎಲ್ಲಿ ಇಳಿಯುವುದಿಲ್ಲವೋ ಆ ಹಂತದ ಕಂಡೆನ್ಸರ್ ಸತ್ತಿದೆ. ನಿಮ್ಮ ಮೆಕ್ಯಾನಿಕ್ ಬದಲಿಸಿದ್ದು ಎರಡು. ಈ ಕಾಲದ ಸಾಮಾನುಗಳಲ್ಲಿ ಒಂದೇ ಅಲ್ಯೂಮಿನಿಯಂ ಡಬ್ಬಿಯೊಳಗೆ ಮೂರು ನಾಲ್ಕು ಭಾಗ ಇರುವುದು ಸಾಮಾನ್ಯ. ಅಂಥ ಡಬ್ಬಿಯ ಎರಡು ಭಾಗ ಸೋತಿದ್ದರೆ, ಅದೇ ವಯಸ್ಸಿನ ಮೂರನೆಯದನ್ನು ನಂಬಬೇಡಿ. ಅದರಲ್ಲೂ ಮೊದಲ ವಾಲ್ವ್‌ಗೆ ಕರೆಂಟ್ ಕೊಡುವ ಕೊನೆಯ ಭಾಗ.

ಹಳೆಯ ಕಂಡೆನ್ಸರ್ ಮೇಲೇ ಹೊಸದನ್ನು ಸಮಾನಾಂತರ ಬೆಸೆದು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆಗೆ ಸರಿ, ಶಾಶ್ವತಕ್ಕೆ ಬೇಡ. ಹಳೆಯದು ಸೋರುತ್ತಾ ಸೋರುತ್ತಾ ಒಂದು ದಿನ ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಕಂಡೆನ್ಸರ್ ಬದಲಿಸಬಹುದು, ಆ ಟ್ರಾನ್ಸ್‌ಫಾರ್ಮರ್ ಮತ್ತೆ ಸಿಗುವುದಿಲ್ಲ. ಹಳೆಯದರ ತಂತಿ ಬಿಡಿಸಿ, ಡಬ್ಬಿಯನ್ನು ನೋಟಕ್ಕೆ ಅಲ್ಲೇ ಬಿಟ್ಟು, ಕೆಳಗೆ 450 ವೋಲ್ಟ್, 105 ಡಿಗ್ರಿಯ ಹೊಸ ಕಂಡೆನ್ಸರ್‌ಗಳನ್ನು ಹಾಕಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡಿನಲ್ಲಿ ಹುಡುಕುವುದಾದರೆ ಹೊಳೆಯುವ ಕವರ್ ನೋಡಿ ಮೋಸಹೋಗಬೇಡಿ, ಅಂಗಡಿಯಲ್ಲೇ ಕೆಪಾಸಿಟೆನ್ಸ್ ಮೀಟರ್ ಹಚ್ಚಿ ನೋಡಿ. ಮೊದಲ ಕಂಡೆನ್ಸರ್‌ನ ಮೈಕ್ರೋಫ್ಯಾರಡ್ ಅಳತೆಯನ್ನು ಮೂಲದಲ್ಲಿ ಇದ್ದಷ್ಟೇ ಇಡಿ. ಅದು 6ಎಕ್ಸ್4 ರೆಕ್ಟಿಫೈಯರ್ ವಾಲ್ವ್‌ನಿಂದ ನೇರ ತುಂಬುತ್ತದೆ. ದೊಡ್ಡದು ಹಾಕಿದರೆ ಪ್ರತಿ ಬಾರಿ ತುಂಬುವ ಹೊಡೆತ ಆ ಪುಟ್ಟ ವಾಲ್ವ್‌ಗೆ ಜಾಸ್ತಿಯಾಗುತ್ತದೆ. ನಂತರದ ಹಂತಗಳಲ್ಲಿ ಎರಡು ಪಟ್ಟು ಹಾಕಿದರೂ ತೊಂದರೆಯಿಲ್ಲ. 50 ಹರ್ಟ್ಸ್‌ನಿಂದ ಕಳೆದುಕೊಂಡ 5 ಡೆಸಿಬಲ್ ಅಲ್ಲೇ ವಾಪಸ್ ಬರುತ್ತದೆ, ಇನ್ನೂ ಸ್ವಲ್ಪ ಮೇಲೂ ಸಿಗುತ್ತದೆ. ಕೆಲಸ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ 60 ವ್ಯಾಟ್‌ನ ಹಳೇ ಕಾಲದ ಬಲ್ಬನ್ನು ಕರೆಂಟ್ ಹೋಗುವ ದಾರಿಯಲ್ಲೇ ಸೇರಿಸಿದ ಸೀರೀಸ್ ಲ್ಯಾಂಪ್ ಮೂಲಕ ಮಾಡಿ. ಬಲ್ಬ್ ಪೂರ್ತಿ ಬೆಳಗಿ ಹಾಗೇ ನಿಂತರೆ ತಕ್ಷಣ ಆಫ್ ಮಾಡಿ, ಎಲ್ಲೋ ಶಾರ್ಟ್ ಇದೆ.

ರೆಕ್ಟಿಫೈಯರ್ ಬಗ್ಗೆ ಒಂದು ಎಚ್ಚರಿಕೆ. 6ಎಕ್ಸ್4ನ 1 ಮತ್ತು 6ನೇ ಪಿನ್‌ಗಳಲ್ಲಿ ಚಾಸಿಗೆ ಅಳೆದಾಗ ಎಸಿ ವೋಲ್ಟೇಜ್ ಒಂದೇ ಇರಬೇಕು. ಒಂದು ಕಡೆ ಸಾಕೆಟ್ ಸಡಿಲವಾಗಿದ್ದರೆ, ಅಥವಾ ವಾಲ್ವ್‌ನ ಒಂದು ಅರ್ಧ ಸೋತಿದ್ದರೆ, ಪವರ್ ಸಪ್ಲೈ ಅರ್ಧ ಅಲೆಯಲ್ಲೇ ನಡೆಯುತ್ತದೆ. ಆಗ ರಿಪಲ್ ಎರಡು ಪಟ್ಟಾಗುತ್ತದೆ, ಮತ್ತು ಅದು 50 ಹರ್ಟ್ಸ್‌ನಲ್ಲಿ ಕಾಣಿಸುತ್ತದೆ. 50 ಅಂದ ತಕ್ಷಣ ಲೂಪ್ ಅಂತ ನಿರ್ಧರಿಸಿಬಿಟ್ಟರೆ ಇದನ್ನು ವಾರಗಟ್ಟಲೆ ಹುಡುಕಬೇಕಾಗುತ್ತದೆ. ಸ್ವಿಚ್ ಆರಿಸುವ ಪರೀಕ್ಷೆ ಇಲ್ಲೂ ಕೈ ಹಿಡಿಯುತ್ತದೆ. ಲೂಪ್ ಆದರೆ ಉಳಿಯುತ್ತದೆ, ಇದಾದರೆ ಕೂಡಲೇ ನಿಲ್ಲುತ್ತದೆ.

ಕಂಡೆನ್ಸರ್‌ಗಳೆಲ್ಲ ಸರಿಯಿದ್ದೂ 100 ಹರ್ಟ್ಸ್ ಉಳಿದರೆ 12ಎಯು7 ನೋಡಿ. ಈ ಆಂಪ್ಲಿಫೈಯರ್ ಪುಶ್-ಪುಲ್. ಸಪ್ಲೈನ ರಿಪಲ್ ವಾಲ್ವ್‌ನ ಎರಡು ಅರ್ಧಗಳಿಗೂ ಸಮನಾಗಿ ಬರುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ. ಎರಡು ಅರ್ಧಗಳು ಬೇರೆ ಬೇರೆ ಮಟ್ಟಿಗೆ ಹಳತಾಗಿದ್ದರೆ ಈ ಹೊಡೆದಾಟ ಪೂರ್ತಿಯಾಗುವುದಿಲ್ಲ, ಉಳಿದದ್ದು ಹಮ್ ಆಗಿ ಕೇಳಿಸುತ್ತದೆ. ಎರಡೂ ಅರ್ಧ ಹೊಂದುವ ಒಂದು ವಾಲ್ವ್ ಹಾಕಿದರೆ, ಕಂಡೆನ್ಸರ್‌ಗೆ ಸುರಿದ ದುಡ್ಡಿಗಿಂತ ಜಾಸ್ತಿ ಫಲ ಸಿಗಬಹುದು.

50 ಹರ್ಟ್ಸ್ ಒಳಗಿನಿಂದಲೇ ಬರುತ್ತಿದ್ದು, ಲೂಪ್ ಇಲ್ಲ, ರೆಕ್ಟಿಫೈಯರ್ ಸರಿಯಿದೆ ಅಂದರೆ ಹೀಟರ್ ಮೇಲೆ ಅನುಮಾನ ಪಡಿ. 12ಎಎಕ್ಸ್7ನಲ್ಲಿ ಹೀಟರ್‌ನಿಂದ ಕ್ಯಾಥೋಡ್‌ಗೆ ಸಣ್ಣಗೆ ಸೋರಿಕೆ ಇರುವ ವಾಲ್ವ್‌ಗಳು ಬಹಳ. ಬೇರೆ ವಾಲ್ವ್ ಹಾಕಿ ನೋಡುವುದೇ ಅತಿ ಸುಲಭದ ಪರೀಕ್ಷೆ. ಹೀಟರ್‌ಗೆ ಎಸಿ ಕೊಟ್ಟಿದ್ದರೆ ಅದರ ತಂತಿಗಳು ಬಿಗಿಯಾಗಿ ಹೆಣೆದು ಚಾಸಿಯ ಮೂಲೆ ಹಿಡಿದು ಹೋಗಿರಬೇಕು. ಹೀಟರ್ ಸುತ್ತಿನ ನಡುಬಿಂದು ಗ್ರೌಂಡ್‌ಗೆ ಸೇರಿದೆಯಾ ನೋಡಿ. ನಡುಬಿಂದುವೇ ಇಲ್ಲದಿದ್ದರೆ ಎರಡು ಕಡೆಯಿಂದ 100 ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿ ಕೃತಕವಾಗಿ ಮಾಡಿಕೊಳ್ಳಬಹುದು. ಆ ನಡುಬಿಂದುವನ್ನು ಗ್ರೌಂಡ್ ಬದಲು 30 ವೋಲ್ಟ್ ಆಸುಪಾಸಿನ ಡಿಸಿಗೆ ಏರಿಸಿದರೆ ಹೀಟರ್‌ನಿಂದ ಕ್ಯಾಥೋಡ್‌ಗೆ ಎಲೆಕ್ಟ್ರಾನ್ ಹಾರುವುದು ನಿಲ್ಲುತ್ತದೆ. ಹೀಟರ್‌ಗೂ ಕ್ಯಾಥೋಡ್‌ಗೂ ನಡುವೆ ಈ ವಾಲ್ವ್ 180 ವೋಲ್ಟ್‌ವರೆಗೆ ತಡೆಯುವುದರಿಂದ ಅಪಾಯವಿಲ್ಲ.

ಇಷ್ಟಾದ ಮೇಲೂ ಪೆಟ್ಟಿಗೆಗೆ ಕಿವಿ ಇಟ್ಟರೆ ಒಂದು ಸಣ್ಣ ಜುಯ್ ಕೇಳಬಹುದು. ಅದು ಟ್ರಾನ್ಸ್‌ಫಾರ್ಮರ್‌ನ ತಗಡುಗಳು ನಡುಗುವ ಸದ್ದು. ಬೋಲ್ಟ್ ಬಿಗಿ ಮಾಡಿ, ಕೆಳಗೆ ರಬ್ಬರ್ ವಾಷರ್ ಕೊಡಿ. ಆದರೆ ಟ್ರಾನ್ಸ್‌ಫಾರ್ಮರ್‌ನ ಲೋಹಕ್ಕೆ ಇದ್ದ ಚಾಸಿ ಸಂಪರ್ಕ ತಪ್ಪದಂತೆ ನೋಡಿಕೊಳ್ಳಿ. ಆ ಜುಯ್ ರೆಕಾರ್ಡಿಂಗ್‌ನಲ್ಲಿ ಇಲ್ಲ ಅಂದರೆ ಹಾಗೇ ಬಿಟ್ಟುಬಿಡಿ, ಅದಕ್ಕಾಗಿ ಇನ್ನೇನನ್ನೂ ಬಿಚ್ಚಬೇಡಿ.